ಖನಿಜದ ಪುಡಿಯೋ, ನೆಕ್ಕುವ ಇಟ್ಟಿಗೆಯೋ?

ಬೇಲೂರು ಕಡೆಯ ನಮ್ಮ ಕೊಟ್ಟಿಗೆಯಲ್ಲಿ ಹಾಲು ಕೊಡುವ ಹಸು ಎರಡು. ಗೌರಿ ಜೆರ್ಸಿ ಮಿಶ್ರತಳಿ, ತುಂಗೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿ. ಕಳೆದ ವರ್ಷ ಗೌರಿ ಗೋಡೆಯ ಸುಣ್ಣ ನೆಕ್ಕಲು ಶುರು ಮಾಡಿದಳು. ಒಣಗಲು ಹಾಕಿದ್ದ ಟವೆಲ್ಲನ್ನೂ ಅರ್ಧ ಜಗಿದಿದ್ದಳು. ಮೈಯಲ್ಲಿ ಖನಿಜ, ಅದರಲ್ಲೂ ರಂಜಕ ಕಮ್ಮಿಯಾದರೆ ದನಗಳು ಹೀಗೆ ಮಾಡುತ್ತವೆ.

ಮೊದಲು ನೆಕ್ಕುವ ಇಟ್ಟಿಗೆ, ಅಂದರೆ ಉಪ್ಪು, ಖನಿಜ ಸೇರಿಸಿ ಅಚ್ಚು ಹಾಕಿದ ಗಟ್ಟಿ, ತಂದು ಇಬ್ಬರ ನಡುವೆ ಹಗ್ಗದಲ್ಲಿ ಕಟ್ಟಿದೆ. ಕೆಲಸ ಅಷ್ಟೇ, ಮುಗೀತು. ಎರಡು ತಿಂಗಳಾದ ಮೇಲೆ ನೋಡಿದರೆ ತುಂಗೆಯ ಕಡೆ ಬಟ್ಟಲಿನ ಹಾಗೆ ಗುಳಿ ಬಿದ್ದಿತ್ತು. ಗೌರಿಯ ಕಡೆ ಅಚ್ಚಿನ ಅಕ್ಷರವೂ ಅಳಿಸಿರಲಿಲ್ಲ! ಬೇಕಾದಷ್ಟು ಹಸುವೇ ನೆಕ್ಕುತ್ತದೆ ಅನ್ನುತ್ತಾರೆ. ಉಪ್ಪಿನ ಮಟ್ಟಿಗೆ ಆ ಮಾತು ಸರಿ. ಕ್ಯಾಲ್ಸಿಯಂ ಸಾಕಾಯಿತೋ ಇಲ್ಲವೋ ಅದರ ನಾಲಿಗೆಗೆ ಹೇಗೆ ಗೊತ್ತಾಗಬೇಕು? ಮಳೆಗಾಲದಲ್ಲಿ ಇರಚಲು ಹೊಡೆದು ಅರ್ಧ ಇಟ್ಟಿಗೆ ಸುಮ್ನೆ ಕರಗಿಹೋಯಿತು.

ಆಮೇಲೆ ಖನಿಜದ ಪುಡಿ. ದಿನಕ್ಕೆ ಒಂದೊಂದು ಹಸುವಿಗೆ 50 ಗ್ರಾಂ. ಗೌರಿ ವಾಸನೆಗೇ ಮೂತಿ ತಿರುಗಿಸಿದಳು. ನೆನೆಸಿದ ಬೂಸಾಕ್ಕೆ ಚೂರು ಬೆಲ್ಲ ಹಾಕಿ, ಮೊದಲು ಒಂದು ಚಿಟಿಕೆ, ಹೀಗೆ ವಾರದಲ್ಲಿ ಪೂರ್ತಿ ಅಳತೆಗೆ ತಂದೆ. ಒಂದೂವರೆ ತಿಂಗಳಿಗೆ ಗೋಡೆ ನೆಕ್ಕುವುದು ನಿಂತಿತು. ಸರಿಯಾಗಿ ಬೆದೆಗೂ ಬಂದಳು, ಮೊದಲ ಸಲಕ್ಕೇ ಗಬ್ಬ ನಿಂತಳು.

ಇನ್ನು ಹಾಲು. ಡೈರಿ ಚೀಟಿಗಳನ್ನು ಜೋಡಿಸಿಟ್ಟು ನೋಡಿದೆ. ಇಟ್ಟಿಗೆ ಇದ್ದಾಗಲೂ ಪುಡಿ ಕೊಟ್ಟಾಗಲೂ ಫ್ಯಾಟ್ (ಹಾಲಿನ ಜಿಡ್ಡು) ಶೇ 3.5ರ ಆಸುಪಾಸೇ. ಫ್ಯಾಟ್ ಏರಿದ್ದು ಒಣಹುಲ್ಲು ಜಾಸ್ತಿ ಮಾಡಿ ಹಿಂಡಿ ಕಮ್ಮಿ ಮಾಡಿದಾಗ. ಮೇವಿನ ನಾರು ಹೊಟ್ಟೆಯಲ್ಲಿ ಹುದುಗು ಬಂದರೇ ಹಾಲಿಗೆ ಜಿಡ್ಡು ಅಲ್ವಾ. ಪುಡಿ ಹಾಕಿದರೆ ಫ್ಯಾಟ್ ಏರುತ್ತದೆ ಅನ್ನುವ ಮಾತು ನಂಬಿ ಯಾರೂ ದುಡ್ಡು ಹಾಕಬೇಡಿ.

ಹಾಗಂತ ಬಿಡುವ ಹಾಗೂ ಇಲ್ಲ. ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಮೇವಿನಲ್ಲಿ ಸಿಗದಿದ್ದರೆ ಹಸು ಹಾಲಿಗೆ ಕಮ್ಮಿ ಮಾಡುವುದಿಲ್ಲ, ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ. ಇದು ತಿಳಿದ ದಿನದಿಂದ ಪುಡಿ ಒಂದು ದಿನವೂ ತಪ್ಪಿಸಿರಲಿಲ್ಲ. ಇಟ್ಟಿಗೆಯೂ ಇದೆ, ಬರೀ ಉಪ್ಪಿನ ಆಸೆಗೆ, ಇರಚಲು ತಾಗದ ಮೂಲೆಯಲ್ಲಿ.

ಗೌರಿಗೆ ಈಗ ಎಂಟು ತಿಂಗಳು. ಕರು ಹಾಕುವ ಮುಂಚಿನ ಮೂರು ವಾರ ಕ್ಯಾಲ್ಸಿಯಂ ಜಾಸ್ತಿಯಾದರೆ ಮೂಳೆಯಿಂದ ತೆಗೆಯುವ ಅಭ್ಯಾಸ ಮೈಗೆ ತಪ್ಪುತ್ತದೆ; ಈದ ಮೇಲೆ ಹಾಲುಜ್ವರ (ರಕ್ತದಲ್ಲಿ ಕ್ಯಾಲ್ಸಿಯಂ ದಿಢೀರನೆ ಇಳಿದು ಹಸು ಮಲಗಿಬಿಡುವ ಕಾಯಿಲೆ) ಬರುವ ಭಯ ಹೆಚ್ಚು. ಅದಕ್ಕೇ ಡಾಕ್ಟರನ್ನು ಕೇಳಿ ಅವಳ ಪುಡಿಯ ಡಬ್ಬಿಯನ್ನು ಅಟ್ಟದ ಮೇಲಿಟ್ಟಿದ್ದೇನೆ.