ಅಡಿಕೆ ಮರ, ಜಿಐ ಪೈಪು, ಸ್ಟೇ ವೈರಿನ ಟವರು: ಮೂರೂ ಹಾಕಿ ನೋಡಿದ ಮೇಲೆ

ಮನೇಲಿ ಮೊಬೈಲ್ ನೆಟ್ಟು ಹಿಡಿಯೋಕೆ ನಾನು ಮೂರು ತರ ಮಾಡಿ ನೋಡ್ದೆ. ಮೊದ್ಲೇ ಹೇಳ್ಬಿಡ್ತೀನಿ, ನಂಗೆ ಸರಿ ಬಂದಿದ್ದು ಸ್ಟೇ ವೈರ್ ಎಳೆದು ನಿಲ್ಲಿಸೋ ಮೂರು ಕಾಲಿನ ಟವರು, ಅದರ ತುದೀಲೇ ರೌಟರು, ಅಲ್ಲಿಂದ ಕೆಳಗೆ ಬರೀ ಲ್ಯಾನ್ ಕೇಬಲ್ಲು. ಇದನ್ನ ಮೊದಲನೇ ವರ್ಷವೇ ಮಾಡಿದ್ರೆ ಎರಡು ಮಳೆಗಾಲದ ಗೋಳು, ಜೊತೆಗೆ ಸುಮಾರು 11 ಸಾವಿರ ಉಳೀತಿತ್ತು. ಬೇರೆಯವರಿಗಾದ್ರೂ ಉಳೀಲಿ ಅಂತ ಬರೀತಿದೀನಿ.

ನಮ್ಮ ಮನೆ ಹೊಸನಗರ ತಾಲ್ಲೂಕಲ್ಲಿ, ಮುಂದೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಹುಲಿಕಲ್ ಇರೋ ತಾಲ್ಲೂಕು, ಮಳೆ ಬಗ್ಗೆ ಬೇರೆ ಹೇಳ್ಬೇಕಾಗಿಲ್ಲ. ಅಂಗಳದಲ್ಲಿ ನಿಂತು ನೋಡಿದ್ರೆ ಸಿಗ್ನಲ್ಲು ಮೈನಸ್ 118 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆ ಕಡೆ ಬಂದಷ್ಟೂ ಒಳ್ಳೇದು), ಅಂದ್ರೆ ಇದ್ದೂ ಇಲ್ಲದ ಹಾಗೆ. ಗುಡ್ಡ ಅಡ್ಡ ಇರೋದ್ರಿಂದ ಮೇಲೆ ಹೋದಷ್ಟೂ ಸಿಗುತ್ತೆ, ಇದೇನು ನಮ್ಮೂರಿಗೆ ಹೊಸದಲ್ಲ, ದೂರದರ್ಶನದ ಕಾಲದಲ್ಲೂ ಆಮೇಲೆ ತಂತಿಯಿಲ್ಲದ ಡಬ್ಲ್ಯುಎಲ್ಎಲ್ ಫೋನು ಬಂದಾಗ್ಲೂ ಮಾಡಿನ ಮೇಲೆ ಪೈಪು ನಿಲ್ಸಿ ಆಂಟೆನಾ ತಿರುಗಿಸಿದವರೇ ಎಲ್ಲ. ಫೈಬರ್ ಯಾಕೆ ಹಾಕ್ಸಿಲ್ಲ ಅಂತ ಕೇಳ್ಬಹುದು, ಹಾಕ್ಸಿದ್ವಿ, ಮರದಿಂದ ಮರಕ್ಕೆ ಕಟ್ಕೊಂಡು ಬಂದಿದ್ದು, ಆರಿದ್ರಾ ಮಳೇಲಿ ಕೊಂಬೆ ಬಿದ್ದು ತುಂಡಾದ್ರೆ ಜೋಡಿಸೋಕೆ ಜನ ಬರೋದು ನಾಲ್ಕೈದು ದಿನ ಬಿಟ್ಟು.

ಅಡಿಕೆ ಮರದ್ದು ಬೇಗ ಮುಗೀತು. ಅಡಿಕೆ ಕೊನೆ ತೆಗೆಯೋಕೆ ಬಂದಿದ್ದ ಕೊನೆಗೌಡ್ರ ಹತ್ರ ಹೇಳಿ ಎತ್ತರದ ಒಂದು ಮರಕ್ಕೆ ಆಂಟೆನಾ ಡಬ್ಬ ಕಟ್ಟಿಸ್ದೆ. ಇಳಿದು ಬಂದವರೇ "ಮರ ಬಗ್ಗಿದಾಗೆಲ್ಲ ನಿಮ್ಮ ಡಬ್ಬನೂ ಬಗ್ಗುತ್ತೆ ಭಟ್ರೆ, ಕಬ್ಬಿಣದ್ದೇ ಹಾಕ್ಸಿ" ಅಂದ್ರು. ಹಾಗೇ ಆಯ್ತು, ಗಾಳಿ ಬಂದ್ರೆ ನೆಟ್ಟು ಇಲ್ಲ.

ಆಮೇಲೆ 20 ಅಡಿ ಜಿಐ ಪೈಪು. ಗೋಡೆಗೆ ಕ್ಲಾಂಪ್ ಹಾಕಿ ನಿಲ್ಸಿದ್ದು, ಹೆಂಚಿನ ಮಾಡು ದಾಟಿ ಒಂದಿಷ್ಟು ಮೇಲೆ ಹೋಗ್ತಿತ್ತು. ಪೈಪಿನ ಬಗ್ಗೆ ದೂರಿಲ್ಲ, ಅಗ್ಗ, ಒಂದೇ ದಿನದ ಕೆಲಸ. ತೊಂದ್ರೆ ಕೊಟ್ಟಿದ್ದು ಕೇಬಲ್ಲು. ಆಂಟೆನಾ ಮೇಲೆ, ರೌಟರು ಒಳಗೆ, ಮಧ್ಯೆ 15 ಮೀಟರ್ ಕೋಆಕ್ಸ್, ಅಂದ್ರೆ ಟಿವಿ ಕೇಬಲ್ ತರದ ಆಂಟೆನಾ ಕೇಬಲ್ಲು. ಅಂಗಡಿಯವರು ಕೊಟ್ಟಿದ್ದು ಆರ್‌ಜಿ-58, ಪೆನ್ಸಿಲ್ಲಿಗಿಂತ ಸಣ್ಣ ಕಪ್ಪು ಕೇಬಲ್ಲು. ಮೊಬೈಲಿನ 1800 ಮೆಗಾಹರ್ಟ್ಸ್ ಬ್ಯಾಂಡಲ್ಲಿ ಅಷ್ಟುದ್ದಕ್ಕೆ 10 ಡಿಬಿಗಿಂತ ಜಾಸ್ತಿ ಅದರಲ್ಲೇ ಕಳೆದುಹೋಗುತ್ತೆ, ಅಂದ್ರೆ ಮೇಲೆ ಸಿಕ್ಕಿದ್ರಲ್ಲಿ ಹತ್ತನೇ ಒಂದು ಪಾಲೂ ಕೆಳಗೆ ಬರಲ್ಲ. ಇದು ಗೊತ್ತಾದ ಮೇಲೆ ಬೆರಳು ದಪ್ಪದ ಎಲ್‌ಎಂಆರ್-400 ತರಿಸ್ದೆ, ಅದ್ರಲ್ಲಿ 3 ಡಿಬಿ ಒಳಗೇ ನಿಲ್ಲುತ್ತೆ, ರೇಟು ಮಾತ್ರ ಮೀಟರ್ ಲೆಕ್ಕದಲ್ಲಿ ಜೇಬು ಸುಡುತ್ತೆ. ಬೇಸಿಗೆ ಪೂರ್ತಿ ಚೆನ್ನಾಗಿತ್ತು.

ಜುಲೈ ಬಂತು. ಬೆಳಿಗ್ಗೆ ಸ್ವಲ್ಪ ಹೊಳವಾದ್ರೆ ನೆಟ್ಟು ಬರೋದು, ಮಳೆ ಹಿಡೀತಿದ್ದ ಹಾಗೆ ಹೋಗೋದು, ಮೊದಮೊದಲು ಕಂಪನಿ ಟವರಿಗೆ ಕರೆಂಟಿಲ್ಲ ಅಂದ್ಕೊಂಡೆ, ಆಮೇಲೆ ಸಿಮ್ ಬದಲಾಯಿಸಿದೆ, ರೌಟರ್ ರೀಸೆಟ್ ಮಾಡ್ದೆ, ಮಾವನ ಮನೆಯಿಂದ ಇನ್ನೊಂದು ರೌಟರ್ ತಂದು ಹಾಕ್ದೆ, ಹದಿನೈದು ದಿನ ಇದೇ ಆಯ್ತು. ಕೊನೆಗೆ ಒಂದು ಸಂಜೆ ಮನೆ ಒಳಗಿನ ಕನೆಕ್ಟರ್ ತಿರುಗಿಸಿ ಬಿಚ್ಚಿದ್ರೆ ಅದರೊಳಗಿಂದ ನೀರು. ಒಂದು ಹನಿ ಟೇಬಲ್ ಮೇಲೆ ಬಿತ್ತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಹೊರಗೆ ಮಾಡಿನ ಮೇಲಿನ ಕನೆಕ್ಟರಲ್ಲಿ ನುಗ್ಗಿದ ನೀರು ಕೇಬಲ್ ಒಳಗಿನ ಜಾಲರಿ ಹಿಡ್ಕೊಂಡು ಅಷ್ಟುದ್ದ ಇಳಿದು ಬಂದಿತ್ತು! ಮೇಲಿನದ್ದು ಬಿಚ್ಚಿ ನೋಡಿದ್ರೆ ನಡುವಿನ ಪಿನ್ನಿನ ಸುತ್ತ ಹಸಿರು ಕಿಲುಬು, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದ ಡ್ರಮ್ಮಿನ ಅಂಚಲ್ಲಿ ಕೂರೋ ಬಣ್ಣವೇ. ನಾನು ಸುತ್ತಿದ್ದು ಮಾಮೂಲಿ ಇನ್ಸುಲೇಷನ್ ಟೇಪು, ಬೇಸಿಗೆ ಬಿಸಿಲಿಗೆ ಅದರ ಅಂಟು ಬಿಟ್ಟಿತ್ತು. ಒಮ್ಮೆ ನೀರು ಕುಡಿದ ಕೋಆಕ್ಸ್ ಒಣಗಿಸೋಕಾಗಲ್ಲ, ಅಷ್ಟು ದುಡ್ಡು ಕೊಟ್ಟ ಕೇಬಲ್ಲು ಬಿಸಾಡಿದೆ. ಎಳೆದ್ರೆ ತನಗೆ ತಾನೇ ಅಂಟಿಕೊಂಡು ಒಂದೇ ರಬ್ಬರ್ ಆಗೋ ಟೇಪ್ ಸಿಗುತ್ತೆ, ಕನೆಕ್ಟರಿಗೆ ಸುತ್ತಬೇಕಾದ್ದು ಅದನ್ನ. ಕೇಬಲ್ಲು ಗೋಡೆ ಒಳಗೆ ಹೋಗೋ ಮುಂಚೆ ಒಂದು ಜೋಲಿ ಕೆಳಗೆ ಬಿಟ್ಟು ಮೇಲೆತ್ತಬೇಕು, ಹೊರಗಿನ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಇವೆರಡು ಯಾರೂ ಹೇಳಿರ್ಲಿಲ್ಲ.

ಆಗ್ಲೇ ಕಂಪನಿ ಟವರನ್ನ ಸರಿಯಾಗಿ ನೋಡಿದ್ದು. ಮೊದ್ಲೆಲ್ಲ ರೇಡಿಯೋ ಕೆಳಗಿನ ರೂಮಲ್ಲಿ ಇರ್ತಿತ್ತು, ಅಲ್ಲಿಂದ ದಪ್ಪ ಫೀಡರ್ ಕೇಬಲ್ಲುಗಳು ಸಾಲಾಗಿ ಮೇಲೆ ಹೋಗ್ತಿದ್ವು. ಈಗ ರೇಡಿಯೋ ಡಬ್ಬ ಆಂಟೆನಾ ಪಕ್ಕದಲ್ಲೇ ಇರುತ್ತೆ, ಕೆಳಗಿಂದ ಹೋಗೋದು ಒಂದು ಫೈಬರು, ಒಂದು ಡಿಸಿ ಪವರ್ ಕೇಬಲ್ಲು. ಸಿಗ್ನಲ್ಲನ್ನ ತಾಮ್ರದಲ್ಲಿ ಕೆಳಗೆ ಇಳಿಸೋದೇ ನಷ್ಟ ಅಂತ ಅವರಿಗೂ ಗೊತ್ತು, ನಾನ್ಯಾಕೆ ಇಳಿಸ್ಬೇಕು?

ಅದಕ್ಕೇ ಮೂರನೇದು. ವೆಲ್ಡಿಂಗ್ ಶಾಪಲ್ಲಿ 10 ಅಡಿಯ ನಾಲ್ಕು ತುಂಡು ಮಾಡ್ಸಿ ಒಂದರ ಮೇಲೊಂದು ಬೋಲ್ಟ್ ಹಾಕಿ 40 ಅಡಿ, ಎರಡು ಹಂತದಲ್ಲಿ ಮೂರು ದಿಕ್ಕಿಗೆ ಸ್ಟೇ ವೈರು. ತುದೀಲಿ ಮಳೆಗೆ ತಡೆಯೋ ಫೋರ್‌ಜಿ ರೌಟರು, ಕರೆಂಟು ಡೇಟಾ ಎರಡೂ ಒಂದೇ ಲ್ಯಾನ್ ಕೇಬಲ್ಲಲ್ಲಿ. ಲ್ಯಾನ್ 100 ಮೀಟರ್ ತನಕ ಓಡುತ್ತೆ, ಡಿಬಿ ಲೆಕ್ಕವೇ ಇಲ್ಲ. ಈಗ ಮೈನಸ್ 97, ಪುಷ್ಯ ಮಳೇಲೂ ಅಷ್ಟೇ.

ಕೇಬಲ್ ತಗೊಳ್ವಾಗ ಒಂದು ನೋಡಿ. ಅಗ್ಗದ ಕ್ಯಾಟ್-6 ಲ್ಯಾನ್ ಕೇಬಲ್ಲು ಎಷ್ಟೋ ಸಲ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ತಂತಿಯನ್ನ ಬ್ಲೇಡಲ್ಲಿ ಕೆರೆದ್ರೆ ಒಳಗೆ ಬೆಳ್ಳಗೆ ಕಾಣುತ್ತೆ. ನಾನು ಮೊದಲು ತಂದಿದ್ದು ಅದೇ, ಮೇಲಿನ ರೌಟರಿಗೆ ಕರೆಂಟು ಸಾಲದೆ ಗಂಟೆಗೊಂದು ಸಲ ಆಫ್ ಆಗೋದು. ಪೂರ್ತಿ ತಾಮ್ರದ್ದು, ಹೊರಗಡೆಗೆ ಅಂತಲೇ ಮಾಡಿದ ಕಪ್ಪು ಜಾಕೆಟ್ಟಿಂದೇ ತಗೊಳ್ಳಿ.

ಸಿಡಿಲಿಗೆ ಇದ್ದಿಲು ಉಪ್ಪು ಹಾಕಿ ಅರ್ಥ್ ಗುಂಡಿ ಮಾಡ್ಸಿದೀನಿ, ಆದ್ರೂ ಏಪ್ರಿಲ್ ಮೇ ಗುಡುಗಿಗೆ ಪ್ಲಗ್ಗು ಕೇಬಲ್ಲು ಎರಡೂ ಕಿತ್ತಿಡ್ತೀವಿ.

ಭಾವನ ಮನೇಲಿ ನಾಲ್ಕು ಕಾಲಿಂದು ಇದೆ, ಸ್ಟೇ ವೈರ್ ಬೇಡ, ಚೆನ್ನಾಗೂ ಇದೆ, ಆದ್ರೆ ಕಬ್ಬಿಣ ಕಾಂಕ್ರೀಟು ಸೇರಿ ನಂದರ ಮೂರರಷ್ಟು ಖರ್ಚು. ನಂಗೆ ಬೇಕಿರೋದು ಮಗಳ ಕ್ಲಾಸು, ಅಡಿಕೆ ಮಾರಾಟ ಸೊಸೈಟಿ ಮಾಮ್ಕೋಸಿನ ರೇಟು ನೋಡೋದು, ರಾತ್ರಿ ತಮ್ಮನ ಜೊತೆ ಒಂದು ವಿಡಿಯೋ ಕಾಲು. ಅಷ್ಟಕ್ಕೆ ಇದು ಧಾರಾಳ. ಸ್ಟೇ ವೈರಲ್ಲಿ ಒಂದು ಅಂಗಳಕ್ಕೆ ಅಡ್ಡ ಬರುತ್ತೆ, ಅಡಿಕೆ ಚಪ್ಪರ ಹಾಕುವಾಗ ಕಿರಿಕಿರಿ, ಯಾರೂ ಎಡವದ ಹಾಗೆ ಅದಕ್ಕೆ ಹಳದಿ ಪಿವಿಸಿ ಪೈಪು ತೊಡಿಸಿದೀನಿ. ಅಂಗಳ ಚಿಕ್ಕದಿದ್ದು ಕೈಲಿ ದುಡ್ಡಿದ್ರೆ ಭಾವನ ತರದ್ದೇ ಹಾಕ್ಸಿ, ರೌಟರು ಮಾತ್ರ ತುದೀಲೇ ಇರ್ಲಿ.