ಫ್ಯೂಯಲ್ ಲೈನ್ ಬಿಡಿಸುವ ಟೂಲ್: ಕತ್ತರಿ ಮಾದರಿಯನ್ನು ವರ್ಷಗಟ್ಟಲೆ ಬಳಸಿದ ಮೇಲೆ

ಮಂಡ್ಯದಲ್ಲಿ ಕಾರುಗಳ ಸಣ್ಣ ಗ್ಯಾರೇಜು ನಡೆಸುವ ನನಗೆ ಫ್ಯೂಯಲ್ ಫಿಲ್ಟರ್ ಬದಲಿಸುವುದಾಗಲಿ, ಟ್ಯಾಂಕಿನಿಂದ ಪಂಪ್ ಹೊರತೆಗೆಯುವುದಾಗಲಿ ದೊಡ್ಡ ಕೆಲಸವಲ್ಲ; ಆದರೆ ಅದಕ್ಕೂ ಮೊದಲು ಬಿಡಿಸಬೇಕಾದ ಪೈಪಿನ ಕ್ವಿಕ್ ಕನೆಕ್ಟರ್ (ಪೈಪಿನ ಮೇಲೆ ತಳ್ಳಿದರೆ ತಾನೇ ಲಾಕ್ ಆಗುವ ಜೋಡಣೆ) ಎಷ್ಟೋ ಸಲ ಮುಖ್ಯ ಕೆಲಸಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಇದಕ್ಕಾಗಿ ಮಾರುಕಟ್ಟೆಯಲ್ಲಿ ಸಿಗುವ ಪ್ಲಾಸ್ಟಿಕ್ ರಿಂಗ್ ಸೆಟ್, ಅಲ್ಯೂಮಿನಿಯಂ ರಿಂಗ್ ಸೆಟ್, ಉಕ್ಕಿನ ಕತ್ತರಿ ಮಾದರಿ ಮತ್ತು ಓರೆ ಹಿಡಿಕೆಯ ಮಾದರಿ, ಈ ನಾಲ್ಕನ್ನೂ ನಾನು ಬಳಸಿದ್ದೇನೆ. ಈಗ ನನ್ನ ಕೈ ಮೊದಲು ಹೋಗುವುದು ಕತ್ತರಿ ಮಾದರಿಯ ಕಡೆಗೆ. ಅದು ಏಕೆ ಮತ್ತು ಅದರಲ್ಲಿರುವ ಕೊರತೆಗಳೇನು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲ ಕನೆಕ್ಟರ್‌ಗಳಿಗೂ ಟೂಲ್ ಬೇಕಿಲ್ಲ. ಎರಡು ಪಕ್ಕದಲ್ಲಿ ಗುಂಡಿಗಳಿರುವುದನ್ನು ಬೆರಳುಗಳಿಂದಲೇ ಒತ್ತಿ ಬಿಡಿಸಬಹುದು. ಬಣ್ಣದ ಕ್ಲಿಪ್ ಇರುವುದರಲ್ಲಿ ಮೊದಲು ಕ್ಲಿಪ್ ಸರಿಸಬೇಕು. ಟೂಲ್ ಬೇಕಾಗುವುದು ಲಾಕ್ ಪೂರ್ತಿ ಒಳಗೇ ಅಡಗಿರುವ ಮಾದರಿಗೆ. ಅದರಲ್ಲಿ ಲೋಹದ ಪೈಪಿನ ತುದಿಗೆ ಸ್ವಲ್ಪ ಹಿಂದೆ ಸುತ್ತಲೂ ಒಂದು ಉಬ್ಬು ಇರುತ್ತದೆ, ಕನೆಕ್ಟರಿನೊಳಗಿನ ಲಾಕಿನ ಹಲ್ಲುಗಳು ಆ ಉಬ್ಬಿನ ಹಿಂಬದಿಗೆ ಕಚ್ಚಿಕೊಂಡಿರುತ್ತವೆ. ಪೈಪಿಗೂ ಕನೆಕ್ಟರಿನ ಬಾಯಿಗೂ ನಡುವೆ ಇರುವ ಕಿರಿದಾದ ಸಂದಿಯಲ್ಲಿ ಟೂಲಿನ ತೆಳು ಅಂಚು ಸುತ್ತಲೂ ಒಂದೇ ಆಳಕ್ಕೆ ಇಳಿದು, ಎಲ್ಲ ಹಲ್ಲುಗಳನ್ನೂ ಒಟ್ಟಿಗೆ ಹಿಗ್ಗಿಸಿದರೆ ಮಾತ್ರ ಬಿಡುಗಡೆ. ಒಂದು ಹಲ್ಲು ಉಳಿದರೂ ಪೈಪ್ ಬರುವುದಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಮೀಟುವವರು ಒಂದು ಹಲ್ಲನ್ನು ಬಿಡಿಸುವಷ್ಟರಲ್ಲಿ ಇನ್ನೊಂದನ್ನು ಮುರಿದಿರುತ್ತಾರೆ.

ಬಣ್ಣಬಣ್ಣದ ಪ್ಲಾಸ್ಟಿಕ್ ರಿಂಗುಗಳ ಸೆಟ್ ಅಗ್ಗ, ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಹೊಸ ವಾಹನಗಳ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ವರ್ಷಗಳ ಕಾಲ ಮಣ್ಣು ತಿಂದ ಕನೆಕ್ಟರಿಗೆ ಅದು ಸಾಲುವುದಿಲ್ಲ. ಒತ್ತಡ ಹೆಚ್ಚಿದಂತೆ ಅಂಚು ಬಾಗುತ್ತದೆ, ಬಳಸುತ್ತ ಹೋದಂತೆ ಅದೇ ಅಂಚು ಚೂರಾಗಿ ಉದುರುತ್ತದೆ. ಆ ಚೂರು ಸಂದಿಯೊಳಗೆ ಉಳಿದರೆ ತೆಗೆಯುವುದು ಇನ್ನೊಂದು ಕೆಲಸ. ಅಲ್ಯೂಮಿನಿಯಂ ರಿಂಗ್ ಬಾಗುವುದಿಲ್ಲ, ಆದರೆ ಅದರ ಗೋಡೆ ದಪ್ಪ. ಟ್ಯಾಂಕಿನ ಮೇಲ್ಭಾಗದಂತಹ ಇಕ್ಕಟ್ಟಿನಲ್ಲಿ ಅದನ್ನು ಪೈಪಿನ ಸುತ್ತ ಕೂರಿಸುವುದಕ್ಕೇ ಜಾಗ ಇರುವುದಿಲ್ಲ.

ಕತ್ತರಿ ಮಾದರಿಯಲ್ಲಿ ಉಕ್ಕಿನ ಎರಡು ಭಾಗಗಳನ್ನು ನಡುವೆ ರಿವೆಟ್ ಹಾಕಿ ಜೋಡಿಸಿರುತ್ತಾರೆ; ನನ್ನ ಬಳಿ ಇರುವುದರಲ್ಲಿ ಒಂದು ತುದಿ 5/16 ಅಂಗುಲ, ಇನ್ನೊಂದು ತುದಿ 3/8 ಅಂಗುಲ ಪೈಪಿಗೆ, ಅಂದರೆ ಸುಮಾರು 8 ಮತ್ತು 9.5 ಮಿಲಿಮೀಟರ್. ನಮ್ಮಲ್ಲಿಗೆ ಬರುವ ಕಾರುಗಳಲ್ಲಿ ಬಹುಪಾಲು ಈ ಎರಡು ಅಳತೆಗಳಲ್ಲೇ ಮುಗಿಯುತ್ತವೆ. ಬಾಯಿ ತೆರೆದು ಪೈಪಿನ ಮೇಲಿಟ್ಟು ಮುಚ್ಚಿದರೆ ಎರಡು ಅರ್ಧಚಂದ್ರಗಳು ಕೂಡಿ ಪೂರ್ತಿ ಸುತ್ತಾಗುತ್ತವೆ, ಆಮೇಲೆ ಹಿಡಿಕೆಯಿಂದಲೇ ನೇರವಾಗಿ ಒಳಕ್ಕೆ ಒತ್ತಬಹುದು. ಉಕ್ಕಿನ ಅಂಚು ತೆಳುವಾಗಿದ್ದರೂ ಬಾಗುವುದಿಲ್ಲ ಎಂಬುದೇ ಇದರ ದೊಡ್ಡ ಗುಣ. ಒಂದು ಕೈಯಲ್ಲಿ ಟೂಲ್ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕನೆಕ್ಟರನ್ನು ಎಳೆಯಲು ಬರುವುದರಿಂದ ಸಹಾಯಕ್ಕೆ ಇನ್ನೊಬ್ಬರನ್ನು ಕರೆಯಬೇಕಿಲ್ಲ.

ಆದರೂ ಹಟಮಾರಿ ಕನೆಕ್ಟರುಗಳಲ್ಲಿ ಟೂಲಿನ ಪಾತ್ರ ಅರ್ಧ ಮಾತ್ರ. ನಾಲೆ ಏರಿಯ ಮಣ್ಣುರಸ್ತೆಗಳಲ್ಲಿ, ಕಬ್ಬಿನ ಹಂಗಾಮಿನಲ್ಲಿ ಗದ್ದೆಯ ಬದಿಗೆ ಇಳಿದು ಓಡಾಡುವ ವಾಹನಗಳ ತಳದಲ್ಲಿ ಕೆಸರು ಆ ಸಂದಿಗೆ ಸೇರಿ ಒಣಗಿ ಗಟ್ಟಿಯಾಗಿರುತ್ತದೆ. ಹಲ್ಲುಗಳಿಗೆ ಹಿಗ್ಗಲು ಜಾಗವೇ ಇಲ್ಲದಿದ್ದ ಮೇಲೆ ಎಂಥ ಟೂಲ್ ತಂದರೂ ಪ್ರಯೋಜನವಿಲ್ಲ. ನೀರು ಚಿಮುಕಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಏರ್ ಗನ್ನಿನಿಂದ ಊದಿ, ಮತ್ತೆ ತಿಕ್ಕಿ ಊದಿದಾಗ ಸಂದಿಯಿಂದ ಕೆಂಪು ಪುಡಿ ಹೊರಡುವುದು ನಿಲ್ಲುವ ತನಕ ನಾನು ಟೂಲನ್ನು ಮುಟ್ಟುವುದಿಲ್ಲ. ನಂತರ ಎರಡು ಹನಿ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, ಕನೆಕ್ಟರನ್ನು ಪೈಪಿನ ಮೇಲೆ ಕಾಲು ಸುತ್ತಿನಷ್ಟು ಅತ್ತಿತ್ತ ತಿರುಗಿಸುತ್ತೇನೆ. ಇದರಿಂದ ಲೋಹಕ್ಕೆ ಅಂಟಿಕೊಂಡ ಓ-ರಿಂಗ್, ಅಂದರೆ ಸೋರಿಕೆ ತಡೆಯುವ ರಬ್ಬರ್ ಬಳೆ, ಸಡಿಲಗೊಳ್ಳುತ್ತದೆ.

ಇನ್ನೊಂದು ಪಾಠವನ್ನು ನಾನು ಮೈಸೂರಿನ ಬನ್ನಿಮಂಟಪದಲ್ಲಿ ಕೆಲಸ ಕಲಿಯುತ್ತಿದ್ದಾಗ ಹಿರಿಯ ಮೇಸ್ತ್ರಿಯೊಬ್ಬರು ಹೇಳಿಕೊಟ್ಟರು. "ಎಳೀಬ್ಯಾಡ ಕಣಪ್ಪ, ಮೊದ್ಲು ಒಳಕ್ ತಳ್ಳು" ಎನ್ನುತ್ತಿದ್ದರು. ಎಳೆದಷ್ಟೂ ಹಲ್ಲುಗಳು ಉಬ್ಬಿಗೆ ಇನ್ನಷ್ಟು ಒತ್ತಿಕೊಳ್ಳುತ್ತವೆ. ಕನೆಕ್ಟರನ್ನು ಪೈಪಿನ ಕಡೆಗೇ ಒಂದೆರಡು ಮಿಲಿಮೀಟರ್ ತಳ್ಳಿದರೆ ಅವುಗಳ ಮೇಲಿನ ಭಾರ ಇಳಿಯುತ್ತದೆ, ಆಗ ಟೂಲ್ ಸಲೀಸಾಗಿ ಇಳಿಯುತ್ತದೆ. ತಳ್ಳಿ ಹಿಡಿ, ಟೂಲ್ ಒತ್ತು, ಆಮೇಲೆ ಎಳೆ. ಈ ಕ್ರಮ ಗೊತ್ತಿಲ್ಲದೆ ಟೂಲೇ ಸರಿಯಿಲ್ಲವೆಂದು ಅಂಗಡಿಗೆ ಹಿಂದಿರುಗಿಸಿದವರನ್ನು ನೋಡಿದ್ದೇನೆ.

ಬಿಡಿಸುವ ಮೊದಲು ಲೈನಿನ ಒತ್ತಡ ಇಳಿಸಲೇಬೇಕು. ಮಲ್ಟಿ ಪಾಯಿಂಟ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಲ್ಲಿ ಅದು ಸಾಮಾನ್ಯವಾಗಿ 3ರಿಂದ 4 ಬಾರ್ ಇರುತ್ತದೆ, ಎಂಜಿನ್ ನಿಲ್ಲಿಸಿದ ಮೇಲೂ ಬಹಳ ಹೊತ್ತು ಉಳಿದಿರುತ್ತದೆ. ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಎಂಜಿನ್ ಆರಿದ ಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಬೇಕು. ಕಣ್ಣಿಗೆ ಕನ್ನಡಕ, ಕನೆಕ್ಟರಿನ ಸುತ್ತ ಬಟ್ಟೆ, ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಇರಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ಪಿಟ್‌ನೊಳಗೆ (ಕಾರಿನ ಕೆಳಗೆ ನಿಂತು ಕೆಲಸ ಮಾಡುವ ಗುಂಡಿ) ಇಳಿದು ಅಲ್ಲೇ ನಿಲ್ಲುತ್ತದೆ. ತೂಗುಬಿಟ್ಟ ಗಾಜಿನ ಬಲ್ಬ್ ಹಿಡಿದು ಪಿಟ್‌ಗೆ ಇಳಿಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಕಾಮನ್ ರೈಲ್ ಡೀಸೆಲ್ ಎಂಜಿನ್ನಿನ ಅಧಿಕ ಒತ್ತಡದ ಭಾಗದಲ್ಲಿ ಒತ್ತಡ 1,000 ಬಾರ್‌ಗೂ ಮೀರಿರುತ್ತದೆ. ಆ ಪೈಪುಗಳಿಗೂ ಈ ಟೂಲಿಗೂ ಸಂಬಂಧವಿಲ್ಲ, ಟ್ಯಾಂಕಿನಿಂದ ಫಿಲ್ಟರಿನವರೆಗಿನ ಕಡಿಮೆ ಒತ್ತಡದ ಲೈನಿಗೆ ಮಾತ್ರ ಬಳಸಿ.

ಕತ್ತರಿ ಮಾದರಿಯ ಕೊರತೆಗಳನ್ನೂ ಹೇಳಬೇಕು. ಬಳಕೆ ಹೆಚ್ಚಿದಂತೆ ನಡುವಿನ ರಿವೆಟ್ ಸಡಿಲವಾಗಿ ಎರಡು ಅರ್ಧಗಳು ಒಂದೇ ಮಟ್ಟದಲ್ಲಿ ಕೂಡುವುದಿಲ್ಲ. ಆಗ ಒಂದು ಬದಿ ಆಳಕ್ಕೆ ಇಳಿದು ಇನ್ನೊಂದು ಮೇಲೆಯೇ ನಿಲ್ಲುತ್ತದೆ. ನನ್ನ ಟೂಲಿನ ರಿವೆಟ್ಟನ್ನು ಸುತ್ತಿಗೆಯಿಂದ ಹದವಾಗಿ ತಟ್ಟಿ ಮತ್ತೆ ಬಿಗಿ ಮಾಡಿಸಿದ್ದೇನೆ. ಅಂಚಿನಲ್ಲಿ ಮುಳ್ಳು ಎದ್ದಿದ್ದರೆ ಪೈಪಿನ ಮೇಲೆ ಗೀರು ಬೀಳುತ್ತದೆ, ಆ ಗೀರಿನ ಮೇಲೆ ಓ-ರಿಂಗ್ ಕೂತರೆ ಸೋರಿಕೆ ಶುರುವಾಗುತ್ತದೆ. ಆದ್ದರಿಂದ ಹೊಸದನ್ನು ತಂದ ಕೂಡಲೇ ಅಂಚಿನ ಮೇಲೆ ಬೆರಳಾಡಿಸಿ, ನುಣ್ಣನೆಯ ಎಮರಿ ಕಾಗದದಿಂದ ಉಜ್ಜುವುದು ಒಳ್ಳೆಯದು. ಹಿಡಿಕೆ ಚಾಚಲು ಜಾಗವಿಲ್ಲದ ಕಡೆ, ಮುಖ್ಯವಾಗಿ ಟ್ಯಾಂಕ್ ಮತ್ತು ಚಾಸಿಯ ನಡುವೆ, ಓರೆ ಹಿಡಿಕೆಯ ಮಾದರಿಯೇ ಗತಿ. ಅದನ್ನು ಎರಡನೆಯದಾಗಿ ಕೊಂಡರೆ ಸಾಕು.

2023ರ ಫೆಬ್ರವರಿಯಲ್ಲಿ ಇ20 ಪೆಟ್ರೋಲ್ (ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ್ದು) ಮಾರಾಟ ಆರಂಭವಾದ ಮೇಲೆ, ಎಥೆನಾಲ್ ಅಷ್ಟು ಪ್ರಮಾಣದಲ್ಲಿ ಇರುತ್ತದೆಂದು ಎಣಿಸದೆ ತಯಾರಿಸಿದ ಹಳೆಯ ಕಾರುಗಳ ರಬ್ಬರ್ ಭಾಗಗಳನ್ನು ನಾನು ಇನ್ನಷ್ಟು ಗಮನವಿಟ್ಟು ನೋಡುತ್ತೇನೆ. ಬಿಡಿಸಿದ ಕನೆಕ್ಟರಿನ ಓ-ರಿಂಗ್ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅದನ್ನೇ ಮತ್ತೆ ಹಾಕುವುದಿಲ್ಲ. ಮರುಜೋಡಣೆಗೆ ಟೂಲ್ ಬೇಡ: ಪೈಪಿನ ತುದಿ ಒರೆಸಿ, ಒಂದು ಹನಿ ಶುದ್ಧ ಎಂಜಿನ್ ಆಯಿಲ್ ಸವರಿ, ಟಕ್ಕೆಂಬ ಸದ್ದು ಬರುವವರೆಗೆ ತಳ್ಳಿ, ಹಿಂದಕ್ಕೆ ಜಗ್ಗಿ ನೋಡಬೇಕು. ಫ್ಯೂಸ್ ಮತ್ತು ಬ್ಯಾಟರಿ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಒಂದೆರಡು ಸಲ ಆನ್ ಮಾಡಿದರೆ ಪಂಪ್ ಒತ್ತಡ ತುಂಬುತ್ತದೆ. ಆಗಲೇ ಜೋಡಣೆಯ ಸುತ್ತ ಬೆರಳಿಟ್ಟು ಹಸಿಯಿದೆಯೇ ಎಂದು ಪರೀಕ್ಷಿಸಿ.

ಕೊಳ್ಳಲು ಹೋಗುವವರು ಪೈಪಿನ ಹೊರ ಅಳತೆಯನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ನೋಡಿಕೊಂಡೇ ಹೋಗಿ. ಅಳತೆ ಕನೆಕ್ಟರಿನದ್ದಲ್ಲ, ಅದರೊಳಗೆ ಹೋಗುವ ಲೋಹದ ಪೈಪಿನದ್ದು. ಅಂಗಡಿಯಲ್ಲಿ ಟೂಲಿನ ಬಾಯಿ ಮುಚ್ಚಿ ಬೆಳಕಿಗೆ ಹಿಡಿದಾಗ ಎರಡು ಅರ್ಧಗಳ ನಡುವೆ ಸಂದಿ ಕಂಡರೆ ಬೇರೆಯದನ್ನು ಕೇಳಿ.