ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ: ಎಂಟು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ

ಸಕ್ಕರೆ ಕಾಯಿಲೆ ಬಂದು 17 ವರ್ಷ. ತಾಲ್ಲೂಕು ಕಚೇರಿಯಲ್ಲಿ ಕೇಸ್ ವರ್ಕರ್ ಆಗಿದ್ದೇನೆ. ಆ ಕಾಯಿಲೆಯಿಂದ ಕಣ್ಣೊಳಗಿನ ಪರದೆಯಾದ ಅಕ್ಷಿಪಟಲದ ನಡುಭಾಗದಲ್ಲಿ ನೀರು ತುಂಬಿ ಊದಿಕೊಂಡಿದೆ. ಕಿಟಕಿ, ಬಾಗಿಲು, ಓಡಾಡುವ ಜನ ಎಲ್ಲ ಕಾಣುತ್ತದೆ. ನೇರ ದೃಷ್ಟಿಯಿಟ್ಟು ನೋಡಿದ ಅಕ್ಷರವೇ ಕಲಸಿಹೋಗುತ್ತದೆ, ಸಾಲು ಸೊಟ್ಟಗಾಗುತ್ತದೆ. ಲೇಸರ್ ಆಯಿತು, ಕಣ್ಣಿಗೆ ಇಂಜೆಕ್ಷನ್ ಇನ್ನೂ ನಡೆದಿದೆ. ಕನ್ನಡಕ ಬದಲಿಸಿದರೆ ಹೋಗುವ ತೊಂದರೆ ಇದಲ್ಲ.

ಕಳೆದ ವರ್ಷ ಸರ್ವೆ ನಂಬರ್ 38 ಇದ್ದದ್ದನ್ನು 33 ಅಂತ ಟೈಪ್ ಮಾಡಿದೆ. ಪಾಪ, ಆ ಅಜ್ಜ ಎರಡು ಬಸ್ಸು ಬದಲಿಸಿ ಮತ್ತೆ ಬಂದರು. ಬೈಯಲಿಲ್ಲ. "ನೋಡವ್ವಾ, ನಮ್ದು ಮೂವತ್ತೆಂಟು" ಅಂದು ಪಹಣಿ ಮುಂದಿಟ್ಟರು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಸ್ವಯಂ ನಿವೃತ್ತಿ ತಗೊಳ್ಳಮ್ಮ ಅಂತ ಹಿರಿಯರೊಬ್ಬರು ಹೇಳಿಯೂ ಆಗಿತ್ತು.

ಪಕ್ಕದ ಶಾಖೆಯಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಹುಡುಗನೊಬ್ಬ ಇದ್ದಾನೆ. ನನ್ನ ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿಕೊಟ್ಟವನು ಅವನೇ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಇದು. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿದ್ದು, ಅವರೂ ಅಂಧರು. ಪೂರ್ತಿ ಉಚಿತ.

ಮೊದಲ ವಾರ ತಲೆನೋವು. ಕನ್ನಡ ದನಿ ಯಂತ್ರದ್ದೇ, ಗಡಗಡ ಅನ್ನುತ್ತದೆ. ವೇಗ ತಗ್ಗಿಸಿ, ಒಂದೇ ಕಿವಿಗೆ ಇಯರ್‌ಫೋನ್ ಇಟ್ಟುಕೊಂಡೆ. ಇನ್ನೊಂದು ಕಿವಿ ಎದುರಿಗೆ ನಿಂತವರಿಗೆ ಬೇಕಲ್ಲ! ಇನ್ಸರ್ಟ್ ಜೊತೆ ಕೆಳಗಿನ ಬಾಣದ ಕೀಲಿ ಒತ್ತಿದರೆ ಟಿಪ್ಪಣಿ ಓದುತ್ತಾ ಹೋಗುತ್ತದೆ, ಕಂಟ್ರೋಲ್ ಒತ್ತಿದರೆ ಗಪ್‌ಚುಪ್. ಟೈಪ್ ಮಾಡಿದ್ದನ್ನೂ ಹೇಳುವಂತೆ ಇಟ್ಟುಕೊಂಡಿದ್ದೇನೆ. ಈಗ ನಂಬರ್ ಹೊಡೆದು ಕಣ್ಣು ಮುಚ್ಚಿ ಕೇಳುತ್ತೇನೆ: "ಮೂವತ್ತೆಂಟು". ಆಮೇಲೆಯೇ ಮುಂದಿನ ಕಡತ.

ಎಲ್ಲವನ್ನೂ ಓದಿಸಲು ಆಗುವುದಿಲ್ಲ. ಸ್ಕ್ಯಾನ್ ಮಾಡಿದ ಹಳೆ ಪತ್ರ ಅದಕ್ಕೆ ಬರೀ ಚಿತ್ರ, ಅದರ ಮುಂದೆ ಮೌನ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರಸಂಕೇತ ಬರುವ ಮುಂಚೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಆಸ್ಕಿ ಅಕ್ಷರದಲ್ಲಿ ಟೈಪಾದ ಕಡತ ತೆರೆದರಂತೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸುರಿಮಳೆ. ಅವನ್ನು ಯೂನಿಕೋಡಿಗೆ ಬದಲಿಸಿಯೇ ಕೇಳಬೇಕು. ಕೈಬರಹದ ಟಪ್ಪಾಲಿಗೆ ಈಗಲೂ ದೀಪದ ಭೂತಗನ್ನಡಿಯೇ ಗತಿ, ಅದೂ ಬೆಳಗಿನ ಹೊತ್ತು ಮಾತ್ರ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಸೋಲುತ್ತದೆ.

ನನ್ನ ಹಾಗೆ ಸರ್ಕಾರಿ ನೌಕರಿಯಲ್ಲಿದ್ದು ಕಣ್ಣು ಮಂಜಾಗುತ್ತಿರುವವರು ರಾಜೀನಾಮೆ ಬರೆಯುವ ಮೊದಲು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಓದಿಸಿಕೊಳ್ಳಿ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂತೆಂದು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಎಂದು ಅದರಲ್ಲಿದೆ. ನಾನು ಅದನ್ನು ಎನ್‌ವಿಡಿಎಯಿಂದಲೇ ಓದಿಸಿ ಕೇಳಿದೆ, ಎರಡು ಸಲ.